ವಿಂಡೋಸ್ 11ರಾಗ ಟಾಸ್ಕ್‌ಬಾರ್ ಎಡಕ್ಕ ಕೂಡವಲ್ದು, ಫೈಲಿನ ಹೆಸರು ಕಾಣವಲ್ದು: ಯಾವ್ಯಾವ್ದು ತಿರುಗಿ ತರ್ಲಿಕ್ಕ ಬರ್ತದ?

ಸೂಪರ್‌ಮಾರ್ಕೆಟ್ ಟೈಪಿಂಗ್, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿ ದುಕಾನದ ಮಷಿನ್‌ಗಳ ಬಗ್ಗೆ ಕೇಳ್ಲತ್ತೀನಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತಲ್ರಿ, ಅದ್ಕ ಎಲ್ಲಾ ಮಷಿನ್ 11ಕ್ಕ ಏರಿಸೀವಿ. ಹತ್ತನೇ ಜನರೇಶನ್ ಐ3, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 1366×768 ಮಾನಿಟರ್, ಪ್ರೊ ಎಡಿಶನ್. ಸ್ಪೀಡಿನ ತಕರಾರು ಏನೂ ಇಲ್ಲ. ತಕರಾರು ಇರೋದು ಕೈಗೆ ಕೂತ ಅಭ್ಯಾಸದ್ದು.

ಟಾಸ್ಕ್‌ಬಾರ್ ಎಡಗಡಿ ಉದ್ದಕ ನಿಂದರ್ತಿತ್ತು. ಎ4 ಪುಟ ಪೂರಾ ಕಾಣಬೇಕಂದ್ರ ನಮಗ ಎತ್ತರ ಬೇಕು, ಅಗಲ ಬ್ಯಾಡ. ಈಗ ಎಳದ್ರೂ ಜಗ್ಗಿದ್ರೂ ತಳದಾಗೇ ಕೂಡ್ತದ. ಎರಡನೇದು, ವರ್ಡ್‌ನಾಗ ಒಮ್ಮಿಗೆ ಆರೇಳು ಫೈಲ್ ತೆರೆದಿರ್ತಾವ: ಬಾಡಿಗಿ ಕರಾರು, ಅಫಿಡವಿಟ್, 371ಜೆ ಅರ್ಜಿ. ಎಲ್ಲಾ ಒಂದೇ ಐಕಾನಿನೊಳಗ ಗಂಟಾಗಿ ಕೂಡ್ತಾವ. ಯಾರ ಫೈಲು ಯಾವ್ದು ಅಂತ ಪ್ರತಿ ಸಲ ಮೌಸ್ ಇಟ್ಟು ನೋಡಬೇಕು. ಮೂರನೇದು ರೈಟ್ ಕ್ಲಿಕ್. ಬೇಕಾದ್ದೆಲ್ಲಾ "ಶೋ ಮೋರ್ ಆಪ್ಷನ್ಸ್" ಹಿಂದ ಹೋಗ್ಯದ. ನಾಲ್ಕನೇದು, ಅರ್ಜಿ ನಮೂನೆಗಳ ಫೋಲ್ಡರ್ ಟಾಸ್ಕ್‌ಬಾರಿನ ಮ್ಯಾಲೇ ಟೂಲ್‌ಬಾರ್ ಮಾಡಿ ಇಡ್ತಿದ್ವಿ, ಅದು ಪೂರಾ ಮಾಯ. ಐದನೇದು ಭಾಷಾದ್ದು: ವರ್ಡ್‌ನಾಗ ಕನ್ನಡ, ಬ್ರೌಸರಿನೊಳಗ ಇಂಗ್ಲಿಷ್ ಅಂತ ಕಿಟಕಿಗೊಂದು ಇರ್ತಿತ್ತು. ಈಗ ಒಂದ್ ಕಡಿ ಬದಲಿಸಿದ್ರ ಎಲ್ಲಾ ಕಡಿ ಬದಲಾಗ್ತದ. ಅರ್ಧ ಆಧಾರ್ ನಂಬರ್ ಕನ್ನಡ ಅಂಕಿಯೊಳಗ ಬಿದ್ದು ಫಾರ್ಮ್ ಒಲ್ಲೆ ಅಂತದ.

ಸೆಟ್ಟಿಂಗಿನೊಳಗೇ ಸರಿ ಆಗೋದು ಯಾವ್ದು, ಬ್ಯಾರೆ ಸಾಫ್ಟ್‌ವೇರ್ ಹಾಕಿದ್ರ ಬರೋದು ಯಾವ್ದು, ಏನು ಮಾಡಿದ್ರೂ ಬರಲಾರದ್ದು ಯಾವ್ದು, ಇಷ್ಟು ಬಿಡಿಸಿ ಹೇಳ್ರಿ. "ರೂಢಿ ಆಗ್ತದ ಬಿಡ್ರಿ" ಅನ್ನೋ ಉತ್ತರ ದಯಮಾಡಿ ಬ್ಯಾಡ.

ಸೇಡಂ ರೋಡ್ ಸರ್ವಿಸ್, ಕಲಬುರಗಿ

ಮದ್ಲ ವರ್ಶನ್ ನೋಡ್ರಿ. ವಿಂಡೋಸ್ ಕೀ + ಆರ್ ಒತ್ತಿ "ವಿನ್‌ವರ್" ಅಂತ ಇಂಗ್ಲಿಷಿನೊಳಗ ಹೊಡಿರಿ. 22ಎಚ್2, 23ಎಚ್2, 24ಎಚ್2, 25ಎಚ್2 ಇವುಗಳೊಳಗ ಯಾವ್ದೋ ಒಂದು ಕಾಣ್ತದ. ಇದು ಯಾಕ ಬೇಕಂದ್ರ, 2021ರ ಅಕ್ಟೋಬರಿನೊಳಗ 11 ಬಂದಾಗ ತೆಗೆದ ಸವಲತ್ತು ಒಂದೊಂದೇ ಆಮ್ಯಾಲ ತಿರುಗಿ ಬಂದಾವ. ಯೂಟ್ಯೂಬ್ ವಿಡಿಯೋದಾಗ "ಇದು ಬರಂಗಿಲ್ಲ" ಅಂದದ್ದು ಈಗ ಬರ್ತದ, "ಹಿಂಗ ಮಾಡ್ರಿ" ಅಂದದ್ದು ಈಗ ನಡಿಯಂಗಿಲ್ಲ. ವಿಡಿಯೋ ಯಾವ ವರ್ಷದ್ದು ಅಂತ ನೋಡಿ ನಂಬ್ರಿ.

ಫೈಲಿನ ಹೆಸರು: ಇದು 23ಎಚ್2 ಹೊತ್ತಿಗಿ ತಿರುಗಿ ಬಂದದ. ಟಾಸ್ಕ್‌ಬಾರಿನ ಖಾಲಿ ಜಾಗಾದಾಗ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಕೆಳಗ ಟಾಸ್ಕ್‌ಬಾರ್ ಬಿಹೇವಿಯರ್ಸ್ ಬಿಚ್ರಿ. "ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಅಂಡ್ ಹೈಡ್ ಲೇಬಲ್ಸ್" ಅಂತ ಅದ, ಅದನ್ನ "ನೆವರ್" ಮಾಡ್ರಿ. ಎರಡು ಮಾನಿಟರ್ ಇದ್ರ ಎರಡನೇದಕ್ಕ ಬ್ಯಾರೆ ಸಾಲು ಅದ, ಅದನ್ನೂ ಬದಲಿಸ್ರಿ. ಆದ್ರ 1366 ಅಗಲದಾಗ ಕಿಟಕಿ ಹೆಚ್ಚಾದಂಗ ಹೆಸರಿನ ಮದ್ಲಿನ ನಾಕೈದು ಅಕ್ಷರ ಅಷ್ಟೇ ಉಳಿತಾವ. ಅದ್ಕ ಫೈಲಿಗೆ ಹೆಸರಿಡೋ ಪದ್ಧತಿನೇ ಬದಲಿಸ್ರಿ. "ಬಾಡಿಗಿ ಕರಾರು – ಶರಣಪ್ಪ" ಅಂತ ಇಟ್ರ ಎಲ್ಲಾ ಫೈಲೂ "ಬಾಡಿಗಿ..." ಅಂತಲೇ ಕಾಣ್ತಾವ. ಗಿರಾಕಿ ಹೆಸರು ಮುಂದ, ಕಾಗದದ ಹೆಸರು ಹಿಂದ. ತಾರೀಖು ಮುಂದ ಹಾಕೋ ಚಟ ಇದ್ರ ಅದೂ ಬಿಡ್ರಿ.

ಟಾಸ್ಕ್‌ಬಾರ್ ಎಡಕ್ಕ: 24ಎಚ್2, 25ಎಚ್2 ಹಿಡಿದು ಈ ವರ್ಶನ್‌ಗಳ ಸೆಟ್ಟಿಂಗಿನೊಳಗ ಇಲ್ಲ. "ಟಾಸ್ಕ್‌ಬಾರ್ ಅಲೈನ್‌ಮೆಂಟ್: ಲೆಫ್ಟ್" ಅಂತ ಒಂದು ಇರ್ತದ, ಅದಕ್ಕ ಮೋಸ ಹೋಗಬ್ಯಾಡ್ರಿ. ಅದು ಐಕಾನ್‌ಗಳನ್ನ ನಡುವಿಂದ ಎಡಕ್ಕ ಸರಸ್ತದ ಅಷ್ಟೇ, ಬಾರ್ ತಳದಾಗೇ ಇರ್ತದ. ಮದ್ಲಿನ ವರ್ಶನಿನೊಳಗ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಒಳಗಿನ ದಾಖಲೆ) ತಿದ್ದಿ ಮ್ಯಾಲಕ್ಕ ಒಯ್ಯೋ ಉಪಾಯ ಇತ್ತು. 22ಎಚ್2ರಿಂದ ಅದೂ ನಿಂತದ. ಕಾರಣ ಏನಂದ್ರ, 11ರ ಟಾಸ್ಕ್‌ಬಾರ್ ಹಳೇದನ್ನ ತಿದ್ದಿದ್ದಲ್ಲ, ಪೂರಾ ಹೊಸದಾಗಿ ಬರೆದದ್ದು. ಹಳೇದರೊಳಗ ಇದ್ದ ಒಂದೊಂದು ಸವಲತ್ತನ್ನೂ ಮತ್ತ ಕೂತು ಬರೀಬೇಕು. ಬಳಸೋರು ಕಡಿಮಿ ಅಂತ ಅನಿಸಿದ್ದು ಸಾಲಿನೊಳಗ ಹಿಂದ ಬೀಳ್ತದ. ನಿಮ್ಮಂಥ ಡಿಟಿಪಿ ಮಂದಿ ಆ ಲೆಕ್ಕದೊಳಗ ಎಣಿಕೆಗೇ ಬರಂಗಿಲ್ಲ, ಅದು ನನಗೂ ಸಿಟ್ಟು ತರೋ ಮಾತು.

ಎತ್ತರದ ಲೆಕ್ಕ ಹಿಂಗದ: ವಿಂಡೋಸ್ 10ರ ಬಾರ್ 40 ಪಿಕ್ಸೆಲ್, ಸಣ್ಣ ಬಟನ್ ಮಾಡಿದ್ರ 30. 11ರದು 48. ನೀವು ಎಡಕ್ಕ ಇಟ್ಟಾಗ 768 ಪೂರಾ ಸಿಗ್ತಿತ್ತು, ಈಗ 720. ಇದನ್ನ ಬರೋಬರ್ ಮಾಡ್ಲಿಕ್ಕ ಇರೋ ಛಲೋ ದಾರಿ ಅದೇ ಬಿಹೇವಿಯರ್ಸ್ ಒಳಗಿನ "ಆಟೊಮ್ಯಾಟಿಕಲಿ ಹೈಡ್". ಬಾರ್ ಬೇಕಾದಾಗ ವಿಂಡೋಸ್ ಕೀ + ಟಿ ಒತ್ರಿ, ಮೌಸ್ ತಳಕ್ಕ ಒಯ್ಯೋದು ಬ್ಯಾಡ. ವರ್ಡ್‌ನಾಗ ಕಂಟ್ರೋಲ್ + ಎಫ್1 ಒತ್ತಿದ್ರ ರಿಬ್ಬನ್ (ಮ್ಯಾಲಿನ ಬಟನ್‌ಗಳ ಪಟ್ಟಿ) ಮಡಚ್ತದ, ಅಲ್ಲಿ ಇನ್ನೂ ನೂರರ ಹತ್ತಿರ ಪಿಕ್ಸೆಲ್ ಉಳಿತದ. ಖರೇ ಹೇಳಬೇಕಂದ್ರ ಜಾಗಾ ತಿನ್ನೋದು ಟಾಸ್ಕ್‌ಬಾರಿಗಿಂತ ರಿಬ್ಬನ್ನೇ. ಹೊಸ ಅಪ್‌ಡೇಟಿನೊಳಗ "ಸ್ಮಾಲರ್ ಟಾಸ್ಕ್‌ಬಾರ್ ಬಟನ್ಸ್" ಅಂತ ಬಂದದ, ಅದರಿಂದ ಐಕಾನ್ ಸಣ್ಣ ಆಗ್ತಾವ, ಬಾರಿನ ಎತ್ತರ ಹಂಗೇ ಇರ್ತದ. ನಿಮಗ ಉಪಯೋಗ ಇಲ್ಲ.

ರೈಟ್ ಕ್ಲಿಕ್: ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದ್ರ ಸೀದಾ ಹಳೆ ಮೆನು. ಫೈಲ್ ಆರಿಸಿದ್ರ ಶಿಫ್ಟ್ + ಎಫ್10. ಎರಡು ಮೆನು ಯಾಕ ಅಂದ್ರ, ಹೊಸ ಮೆನುವಿನೊಳಗ ಹೊಸ ರೀತಿಯೊಳಗ ನೋಂದಣಿ ಆದ ಸಾಫ್ಟ್‌ವೇರ್ ಅಷ್ಟೇ ಬರ್ತಾವ. ಹಳೆ ರೀತಿಯವೆಲ್ಲಾ "ಶೋ ಮೋರ್" ಹಿಂದ. ಅಂದ್ರ ಕೆಲವು ತಕರಾರು ಆ ಸಾಫ್ಟ್‌ವೇರ್ ಹೊಸದು ಹಾಕಿದ್ರೇ ಮುಗಿತಾವ. ಝಿಪ್ ಫೈಲ್ ಬಿಚ್ಚೋ ಹೊಸ ವಿನ್‌ರಾರ್, ನಾನಾಝಿಪ್ ಮುಂದಿನ ಮೆನುವಿನೊಳಗೇ ಬರ್ತಾವ. ಕಟ್, ಕಾಪಿ, ಪೇಸ್ಟ್ ಬರೇ ಚಿತ್ರ ಆಗಿದ್ವಲ್ಲ, ಅವುಗಳ ಕೆಳಗ ಹೆಸರು ಬಂದದ್ದು 24ಎಚ್2ರಾಗ. ಹೆಸರು ಬದಲಿಸ್ಲಿಕ್ಕ ಎಫ್2, ಪ್ರಾಪರ್ಟೀಸಿಗೆ ಆಲ್ಟ್ + ಎಂಟರ್, ಇವೆರಡಕ್ಕ ಮೆನುವೇ ಬ್ಯಾಡ.

ಕಾಯಂ ಹಳೆ ಮೆನು ಬೇಕಂದ್ರ ರಿಜಿಸ್ಟ್ರಿಯೊಳಗ ಕರೆಂಟ್ ಯೂಸರ್ ಕೆಳಗ ಒಂದು ಖಾಲಿ ಕೀ ಇಡೋ ಪದ್ಧತಿ ಅದ. ಇದು ಬಳಕೆದಾರನ ಖಾತೆಗಷ್ಟೇ ಲಾಗೂ. ದುಕಾನದಾಗ ಆಪರೇಟರಿಗೊಂದು ಲಾಗಿನ್ ಇದ್ರ ಪ್ರತಿಯೊಂದರೊಳಗೂ ಮಾಡಬೇಕು. ಬ್ಯಾಡಾದ್ರ ಆ ಕೀ ಅಳಿಸಿ, ಟಾಸ್ಕ್ ಮ್ಯಾನೇಜರಿನೊಳಗ ವಿಂಡೋಸ್ ಎಕ್ಸ್‌ಪ್ಲೋರರ್ ರಿಸ್ಟಾರ್ಟ್ ಮಾಡ್ರಿ. ಅಡ್ಡ ಪರಿಣಾಮ ಕಡಿಮಿ ಇರೋ ತಿದ್ದುಪಡಿ ಇದು. ತಿದ್ದೋಕ್ಕಿಂತ ಮದ್ಲ ರಿಜಿಸ್ಟ್ರಿಯ ಎಕ್ಸ್‌ಪೋರ್ಟ್ (ಬ್ಯಾಕಪ್) ತಗೊಳ್ರಿ.

ಫೋಲ್ಡರ್ ಟೂಲ್‌ಬಾರ್: ಹೋಗ್ಯದ. ಬದಲಿ ಎರಡವ. ಒಂದು, ಆ ಫೋಲ್ಡರಿಗೆ ರೈಟ್ ಕ್ಲಿಕ್ ಮಾಡಿ "ಪಿನ್ ಟು ಕ್ವಿಕ್ ಆಕ್ಸೆಸ್". ಆಮ್ಯಾಲ ಟಾಸ್ಕ್‌ಬಾರಿನ ಎಕ್ಸ್‌ಪ್ಲೋರರ್ ಐಕಾನಿಗೆ ರೈಟ್ ಕ್ಲಿಕ್ ಮಾಡಿದ್ರ ಪಟ್ಟಿಯೊಳಗ ಬರ್ತದ. ಎರಡನೇದು ಜಲ್ದಿ ಕೆಲಸಕ್ಕ ಛಲೋ: ಡೆಸ್ಕ್‌ಟಾಪಿನೊಳಗ ಹೊಸ ಶಾರ್ಟ್‌ಕಟ್ ಮಾಡ್ರಿ, ವಿಳಾಸದಾಗ ಮದ್ಲ "ಎಕ್ಸ್‌ಪ್ಲೋರರ್" ಅಂತ ಇಂಗ್ಲಿಷಿನೊಳಗ, ಒಂದು ಸ್ಪೇಸ್, ಆಮ್ಯಾಲ ಫೋಲ್ಡರಿನ ಪೂರಾ ದಾರಿ ಉದ್ಧರಣ ಚಿಹ್ನಿಯೊಳಗ. ಆ ಶಾರ್ಟ್‌ಕಟ್‌ಗೆ ಶಿಫ್ಟ್ + ರೈಟ್ ಕ್ಲಿಕ್, "ಪಿನ್ ಟು ಟಾಸ್ಕ್‌ಬಾರ್". "ಎಕ್ಸ್‌ಪ್ಲೋರರ್" ಅನ್ನೋ ಮಾತು ಮುಂದ ಇಲ್ಲಂದ್ರ ಬರೇ ಫೋಲ್ಡರಿನ ಶಾರ್ಟ್‌ಕಟ್‌ಗೆ ಆ ಆಯ್ಕೆನೇ ಬರಂಗಿಲ್ಲ, ಬಹಳ ಮಂದಿ ಎಡವೋದು ಅಲ್ಲೇ. ಅದನ್ನ ಎಳೆದು ಮದ್ಲನೇ ಜಾಗಾಕ್ಕ ಇಟ್ರ ವಿಂಡೋಸ್ ಕೀ + 1 ಒತ್ತಿದ ಕೂಡ್ಲೆ ತೆರಿತದ.

ಇನ್ನೊಂದು ನೀವು ಕೇಳಿಲ್ಲ, ಆದ್ರ ಕೇಳೋರಿದ್ರಿ. ಆಲ್ಟ್ + ಟ್ಯಾಬ್ ಒತ್ತಿದ್ರ ಎಡ್ಜ್ ಬ್ರೌಸರಿನ ಟ್ಯಾಬ್‌ಗಳೂ ಕಿಟಕಿ ಹಂಗ ಸಾಲಾಗಿ ಬರ್ತಾವ. ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್ ಒಳಗ ಟ್ಯಾಬ್ ತೋರಿಸೋದನ್ನ "ಡೋಂಟ್ ಶೋ ಟ್ಯಾಬ್ಸ್" ಮಾಡ್ರಿ. ಅರ್ಜಿ ದುಕಾನದಾಗ ಇದೊಂದರಿಂದಲೇ ಅರ್ಧ ಗದ್ದಲ ಕಡಿಮಿ ಆಗ್ತದ.

ಭಾಷಾದ್ದು ಬೀದರಿನವರು ಹೇಳ್ಲಿ. ಅವರಿಗೆ ನಾಕು ಭಾಷಾದ ಕೆಲಸ ಇರ್ತದ.

ಮೈಲೂರು ಡಿಟಿಪಿ, ಬೀದರ್

ಹೇಳ್ತೀನ್ರಿ. ಕನ್ನಡ, ಇಂಗ್ಲಿಷ್, ಮರಾಠಿ, ಉರ್ದು ನಾಕೂ ಒಂದೇ ಮಷಿನಿನೊಳಗ ಇದ್ದಾಗ ಏನೇನು ಕೆಡ್ತದ ಅಂಬೋದು ಎರಡು ಭಾಷಾದವರಿಗೆ ತಿಳಿಯಂಗಿಲ್ಲ.

ಕಿಟಕಿಗೊಂದು ಭಾಷಾ ಬೇಕಂದ್ರ: ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ "ಲೆಟ್ ಮಿ ಯೂಸ್ ಎ ಡಿಫರೆಂಟ್ ಇನ್‌ಪುಟ್ ಮೆಥಡ್ ಫಾರ್ ಈಚ್ ಆ್ಯಪ್ ವಿಂಡೋ" ಅಂತ ಅದ, ಟಿಕ್ ಹಾಕ್ರಿ. ಇದು 11ರ ತಪ್ಪಲ್ಲ. ವಿಂಡೋಸ್ 8ರಿಂದಲೂ ಎಲ್ಲಾ ಕಿಟಕಿಗೂ ಒಂದೇ ಭಾಷಾ ಅನ್ನೋದೇ ಮೂಲ ನಡವಳಿಕಿ. ನಿಮ್ಮ 10ರಾಗ ಯಾರೋ ಟಿಕ್ ಹಾಕಿಟ್ಟಿದ್ರು, ಹೊಸ ಖಾತೆಯೊಳಗ ಅದು ಇಲ್ಲ. ಅದೇ ಪುಟದಾಗ "ಡೆಸ್ಕ್‌ಟಾಪ್ ಲ್ಯಾಂಗ್ವೇಜ್ ಬಾರ್" ಟಿಕ್ ಹಾಕಿದ್ರ ಹಳೆ ತೇಲೋ ಭಾಷಾ ಪಟ್ಟಿ ತಿರುಗಿ ಬರ್ತದ. ಟಾಸ್ಕ್‌ಬಾರ್ ಹೈಡ್ ಮಾಡಿದವರಿಗೆ ಇದು ಬೇಕೇ ಬೇಕು, ಇಲ್ಲಂದ್ರ ಯಾವ ಭಾಷಾ ಚಾಲೂ ಅದ ಅಂತ ಕಾಣಂಗಿಲ್ಲ.

ಇನ್ನ ಅಂಕಿಯ ಮಾತು. ಫಾರ್ಮಿನೊಳಗ ಕನ್ನಡ ಅಂಕಿ ಬೀಳೋದಕ್ಕ ಕಾರಣ ಕೆಲವು ಕನ್ನಡ ಕೀಬೋರ್ಡ್ ವಿನ್ಯಾಸ ಚಾಲೂ ಇದ್ದಾಗ ಮ್ಯಾಲಿನ ಸಾಲಿನ ಅಂಕಿ ಹೊಡೆಯೋದು. ಬಲಗಡಿ ನಂಬರ್ ಪ್ಯಾಡಿನಿಂದ ಹೊಡೆದ್ರ ಇಂಗ್ಲಿಷ್ ಅಂಕಿನೇ ಬರ್ತಾವ. ಆಧಾರ್, ಪಹಣಿ ಸರ್ವೆ ನಂಬರ್ ಹಾಕೋರಿಗೆ ಅದೇ ರೂಢಿ ಮಾಡಿಸ್ರಿ.

ಏನೂ ಮಾಡ್ದಿದ್ರೂ ಪಟ್ಟಿಯೊಳಗ "ಇಂಗ್ಲಿಷ್ ಯುಎಸ್" ಅಂತ ಹೆಚ್ಚಿನ ಕೀಬೋರ್ಡ್ ಹೊಕ್ಕಿರ್ತದ. ಆವಾಗ ವಿಂಡೋಸ್ ಕೀ + ಸ್ಪೇಸ್ ಒಂದು ಸಲ ಒತ್ತಿದ್ರ ಕನ್ನಡದಿಂದ ಇಂಗ್ಲಿಷಿಗೆ, ಮತ್ತೊಂದು ಸಲ ಒತ್ತಿದ್ರ ಇನ್ನೊಂದು ಇಂಗ್ಲಿಷಿಗೆ. ಕೈಗೆ ಲೆಕ್ಕ ತಪ್ತದ. ಲ್ಯಾಂಗ್ವೇಜ್ ಅಂಡ್ ರೀಜನ್ ಒಳಗ ಹೋಗಿ ಆ ಭಾಷಾದ ಮುಂದಿನ ಮೂರು ಚುಕ್ಕಿ, ಅಲ್ಲಿಂದ ತೆಗಿರಿ. ಪಟ್ಟಿಯೊಳಗ ಅದರ ಹೆಸರೇ ಇಲ್ಲಂದ್ರ, ಮದ್ಲ ಅದನ್ನ ಹೊಸದಾಗಿ ಸೇರಿಸ್ರಿ, ಆಮ್ಯಾಲ ತೆಗಿರಿ. ವಿಚಿತ್ರ ಅನಸ್ತದ, ಆದ್ರ ಹಂಗ ಮಾಡಿದ್ರೇ ಹೋಗೋದು.

ಭಾಷಾ ಎರಡಕ್ಕಿಂತ ಹೆಚ್ಚಿದ್ರ ಸುತ್ತು ಹೊಡೆಯೋ ಕೀ ಬ್ಯಾಡ, ಭಾಷಾಕ್ಕೊಂದು ನೇರ ಕೀ ಕೊಡ್ರಿ. ಅದೇ ಅಡ್ವಾನ್ಸ್ಡ್ ಪುಟದಾಗ "ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್" ಅದ. ಕೊಡುವಾಗ ಎಡ ಆಲ್ಟ್ + ಶಿಫ್ಟ್ + ಅಂಕಿ ಆರಿಸ್ರಿ. ಬರೇ ಕಂಟ್ರೋಲ್ + ಅಂಕಿ ಕೊಟ್ರ ವರ್ಡ್‌ನಾಗ ಸಾಲಿನ ಅಂತರ ಬದಲಿಸೋ ಕಂಟ್ರೋಲ್ + 1, 2, 5 ಕೆಡ್ತಾವ. ಕಂಟ್ರೋಲ್ + ಶಿಫ್ಟ್ + ಅಂಕಿ ಕೊಟ್ರ ಎಕ್ಸೆಲ್‌ನಾಗ ಅಂಕಿ, ತಾರೀಖಿನ ಫಾರ್ಮ್ಯಾಟ್ ಕೀಗಳಿಗೆ ತಾಗ್ತದ.

ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಬಳಸೋರಿಗೆ ಬ್ಯಾರೆ ಮಾತು. ನುಡಿ ತನ್ನದೇ ರೀತಿಯೊಳಗ ಕೀ ಹಿಡಿತದ. ಅದು ಚಾಲೂ ಇದ್ದಾಗ ವಿಂಡೋಸ್ ಕಡಿ ಕೀಬೋರ್ಡ್ ಇಂಗ್ಲಿಷಿನೊಳಗೇ ಇರ್ಲಿ. ಎರಡೂ ಕನ್ನಡ ಆದ್ರ ಅಕ್ಷರ ಕಲಸುಮೇಲೋಗರ. ಮತ್ತ ಯಾವ್ದಾದ್ರೂ ಒಂದೇ ಕಿಟಕಿಯೊಳಗ ನುಡಿ ಕೆಲಸ ಮಾಡವಲ್ದು ಅಂದ್ರ ಆ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದದ ಅಂತ ತಿಳೀರಿ. ಸಾದಾ ಹಕ್ಕಿನ ಸಾಫ್ಟ್‌ವೇರ್ ಅಡ್ಮಿನ್ ಕಿಟಕಿಗೆ ಕೀ ಕಳಿಸ್ಲಿಕ್ಕ ವಿಂಡೋಸ್ ಬಿಡಂಗಿಲ್ಲ. ಎರಡನ್ನೂ ಒಂದೇ ಹಕ್ಕಿನೊಳಗ ತೆರೀರಿ.

ಶಹಾಪುರ ಟೆಕ್

ಇಷ್ಟೆಲ್ಲಾ ಯಾಕ ಬೇಕ್ರಿ ಅಣ್ಣೋರೆ? ಎಕ್ಸ್‌ಪ್ಲೋರರ್‌ಪ್ಯಾಚರ್ ಹಾಕ್ರಿ. ಪುಕ್ಕಟೆ, ಓಪನ್ ಸೋರ್ಸ್. ಟಾಸ್ಕ್‌ಬಾರ್ ಎಡಕ್ಕ, ಮ್ಯಾಲಕ್ಕ, ಹಳೆ ರೈಟ್ ಕ್ಲಿಕ್, ಎಲ್ಲಾ ಒಂದೇ ಕಡಿ. ರೊಕ್ಕ ಕೊಡೋರಿಗೆ ಸ್ಟಾರ್ಟ್‌ಆಲ್‌ಬ್ಯಾಕ್ ಅದ.

ಸೇಡಂ ರೋಡ್ ಸರ್ವಿಸ್, ಕಲಬುರಗಿ

ಮನಿಯ ಮಷಿನಿಗೆ ಹಾಕ್ರಿ, ನಾನೂ ಬ್ಯಾಡ ಅನ್ನಂಗಿಲ್ಲ. ಗಿರಾಕಿ ಸಾಲು ನಿಂತಿರೋ ದುಕಾನಕ್ಕ ಹೇಳಬ್ಯಾಡ್ರಿ. ಕಾರಣ ಹೇಳ್ತೀನಿ.

ಇಂಥ ಸಾಧನ ಎಕ್ಸ್‌ಪ್ಲೋರರ್ ಪ್ರೋಗ್ರಾಮಿನ ಹೊಟ್ಟಿಯೊಳಗ ಹೊಕ್ಕು ಅದರ ಒಳಗಿನ ಕೋಡಿಗೆ ಕೈ ಹಾಕಿ ನಡಸ್ತದ. ಆ ಒಳಗಿನ ಕೋಡು ತಿಂಗಳಾ ಅಪ್‌ಡೇಟಿನೊಳಗ ಬದಲಾಗಬಹುದು. ಬದಲಾದ ದಿನ ಎಕ್ಸ್‌ಪ್ಲೋರರ್ ಶುರುವಾಗ್ತದ, ಬೀಳ್ತದ, ಮತ್ತ ಶುರುವಾಗ್ತದ. ಪರದೆ ಮಿಣಮಿಣ ಅಂತದ, ಟಾಸ್ಕ್‌ಬಾರೂ ಇಲ್ಲ, ಡೆಸ್ಕ್‌ಟಾಪೂ ಇಲ್ಲ. 22ಎಚ್2, 23ಎಚ್2 ತನಕ ವಿಂಡೋಸ್ 10ರ ಟಾಸ್ಕ್‌ಬಾರಿನ ಹಳೆ ಕೋಡು 11ರೊಳಗೇ ಮಲಗಿತ್ತು, ಎಕ್ಸ್‌ಪ್ಲೋರರ್‌ಪ್ಯಾಚರ್ ಅದನ್ನ ಎಬ್ಬಸ್ತಿತ್ತು ಅಷ್ಟೇ. 24ಎಚ್2ರಾಗ ಆ ಕೋಡೇ ತೆಗೆದಾರ. ಈಗ ಅವರು ತಮ್ಮದೇ ಬದಲಿ ಟಾಸ್ಕ್‌ಬಾರ್ ಕೊಡ್ಲತ್ತಾರ, ಕೆಲಸ ಮೆಚ್ಚಬೇಕಾದ್ದೇ, ಆದ್ರ ಭಾರ ಹೆಚ್ಚಾಗ್ಯದ.

ಹಾಕೇ ಹಾಕ್ತೀನಿ ಅನ್ನೋರು ಇಷ್ಟು ಮಾಡ್ರಿ: ಒಂದೇ ಮಷಿನಿಗೆ ಹಾಕ್ರಿ. ತಿಂಗಳಾ ಎರಡನೇ ಮಂಗಳವಾರ ಅಮೆರಿಕಾದಾಗ ಅಪ್‌ಡೇಟ್ ಬರ್ತದ, ನಮಗ ಅದು ಮಂಗಳವಾರ ರಾತ್ರಿ ಇಲ್ಲಾ ಬುಧವಾರ ಮುಂಜಾನಿ. ಅದಕ್ಕಿಂತ ಮದ್ಲ ಆ ಸಾಧನದ ಹೊಸ ಆವೃತ್ತಿ ಬಂದದ ಏನು ನೋಡ್ರಿ. ಡೆಸ್ಕ್‌ಟಾಪ್ ಬರ್ದೇ ಹೋದ್ರ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ರಿ. ಟಾಸ್ಕ್ ಮ್ಯಾನೇಜರಿಗೆ ಎಕ್ಸ್‌ಪ್ಲೋರರ್ ಬೇಕಿಲ್ಲ, ಅದು ತೆರಿತದ. "ರನ್ ನ್ಯೂ ಟಾಸ್ಕ್" ಒಳಗಿಂದ ಕಂಟ್ರೋಲ್ ಪ್ಯಾನೆಲ್ ತೆರೆದು ಸಾಧನ ಅನ್‌ಇನ್‌ಸ್ಟಾಲ್ ಮಾಡ್ರಿ. ಮಷಿನ್ ಫಾರ್ಮ್ಯಾಟ್ ಮಾಡೋ ಅಗತ್ಯ ಇಲ್ಲ. ಇದು ಗೊತ್ತಿಲ್ದೆ ಮಂದಿ ಫಾರ್ಮ್ಯಾಟಿಗೆ ರೊಕ್ಕ ಕೊಡ್ತಾರ.

ಬರೇ ಸ್ಟಾರ್ಟ್ ಮೆನು ಹಳೇದು ಬೇಕಂದ್ರ ಓಪನ್-ಶೆಲ್ ಸಾಕು. ಅದು ಟಾಸ್ಕ್‌ಬಾರ್ ಬದಲಿಸ್ಲಿಕ್ಕ ಹೋಗಂಗಿಲ್ಲ, ಅದ್ಕ ಅಪ್‌ಡೇಟಿಗೆ ಮುರಿಯೋದೂ ಕಡಿಮಿ.

ಯಾದಗಿರಿ ಲ್ಯಾಬ್

ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪ್ರಸ್ತಾಪ ಯಾರಾದರೂ ಮಾಡಲೇಬೇಕಲ್ಲ, ನಾನೇ ಮಾಡುತ್ತೇನೆ. ಆದರೆ ಎಲ್ಲದಕ್ಕೂ ಅದೇ ಮದ್ದು ಎಂದು ಹೇಳುವುದಿಲ್ಲ.

ಸವಲತ್ತು ಕಿತ್ತುಕೊಳ್ಳುವ ಚಟ ಅಲ್ಲಿಯೂ ಇದೆ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್ 2011ರಲ್ಲಿ ಮೂರನೇ ಆವೃತ್ತಿಗೆ ಬಂದಾಗ ಮಿನಿಮೈಸ್ ಬಟನ್ ತೆಗೆಯಿತು. 2017ರ 3.26ರಲ್ಲಿ ಹಳೆಯ ಟ್ರೇ ಐಕಾನ್‌ಗಳು ಹೋದವು, 2018ರ 3.28ರಲ್ಲಿ ಡೆಸ್ಕ್‌ಟಾಪ್ ಮೇಲೆ ಐಕಾನ್ ಇಡುವ ಸೌಲಭ್ಯವೇ ಹೋಯಿತು. ಬೇಕಿದ್ದವರು ಎಕ್ಸ್‌ಟೆನ್ಶನ್ (ಹೆಚ್ಚುವರಿಯಾಗಿ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಿ ಎಂಬುದು ಅವರ ಉತ್ತರ. ಗ್ನೋಮ್ ಆರು ತಿಂಗಳಿಗೊಮ್ಮೆ ಬರುತ್ತದೆ. ಎಕ್ಸ್‌ಟೆನ್ಶನ್ ತಾನು ಯಾವ ಆವೃತ್ತಿಗೆ ಹೊಂದುತ್ತದೆ ಎಂದು ಬರೆದುಕೊಂಡಿರುತ್ತದೆ. ಆ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಓಡುವುದಿಲ್ಲ. 2023ರ ಗ್ನೋಮ್ 45ರಲ್ಲಿ ಕೋಡ್ ತುಂಬುವ ಕ್ರಮವೇ ಬದಲಾಗಿ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ತಿದ್ದಿ ಬರೆಯಬೇಕಾಯಿತು. ಮೇಲೆ ಸೇಡಂ ರೋಡಿನವರು ಹೇಳಿದ ಪ್ಯಾಚರ್ ಸಮಸ್ಯೆಗೂ ಇದಕ್ಕೂ ಬೇರು ಒಂದೇ.

ಆದ್ದರಿಂದ ಸ್ಥಿರತೆ ಬೇಕಾದರೆ ಎಕ್ಸ್‌ಎಫ್‌ಸಿಇ ಅಥವಾ ಮಾಟೆ ಎಂಬ ಡೆಸ್ಕ್‌ಟಾಪ್ ಆರಿಸಿ. ಮಾಟೆ ಹುಟ್ಟಿದ್ದೇ ಗ್ನೋಮ್ 2ರ ನಡವಳಿಕೆ ಕೈಬಿಡಬಾರದು ಎಂಬ ಹಟದಿಂದ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ಯಾನೆಲ್ ಪ್ರಿಫರೆನ್ಸಸ್‌ನಲ್ಲಿ ಮೋಡ್ ಅನ್ನು "ವರ್ಟಿಕಲ್" ಅಥವಾ "ಡೆಸ್ಕ್‌ಬಾರ್" ಮಾಡಿ, "ಲಾಕ್ ಪ್ಯಾನೆಲ್" ಟಿಕ್ ತೆಗೆದು ಎಡಕ್ಕೆ ಎಳೆಯಿರಿ. ಡೆಸ್ಕ್‌ಬಾರ್ ಆರಿಸಿದರೆ ಅಕ್ಷರಗಳು ಅಡ್ಡ ಮಲಗುವುದಿಲ್ಲ, ನೇರವಾಗಿಯೇ ಓದಲು ಬರುತ್ತವೆ. ಕಿಟಕಿಗಳ ಹೆಸರು ಪೂರ್ತಿ ಕಾಣಲು ಪ್ಯಾನೆಲ್ ಅಗಲ ಹೆಚ್ಚಿಸಿ.

ಕನ್ನಡಕ್ಕೆ ಐಬಸ್ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡುವ ವ್ಯವಸ್ಥೆ) ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ. ಅದರಲ್ಲಿ ಕೆಜಿಪಿ ವಿನ್ಯಾಸವಿದೆ, ಅಂದರೆ ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೀಗಳು. ಬರುವುದು ಯುನಿಕೋಡ್ ಮಾತ್ರ. ನುಡಿಯ ಹಳೆಯ ಆಸ್ಕಿ ಫಾಂಟಿನ ಫೈಲುಗಳನ್ನು ಮೊದಲು ಪರಿವರ್ತಿಸಬೇಕು.

ಎಲ್ಲಿ ನಡೆಯುವುದಿಲ್ಲ: ಬೆರಳಚ್ಚು ಸಾಧನದ ಆರ್‌ಡಿ ಸರ್ವೀಸ್ (ಆಧಾರ್ ದೃಢೀಕರಣಕ್ಕೆ ಬೇಕಾದ ತಂತ್ರಾಂಶ) ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ. ಪೇಜ್‌ಮೇಕರ್, ಟ್ಯಾಲಿ ಬೇಕಾದಲ್ಲಿಯೂ ಬೇಡ. ಬ್ರೌಸರ್ ಅರ್ಜಿ, ಸ್ಕ್ಯಾನ್, ಪ್ರಿಂಟ್ ಮಾತ್ರ ಮಾಡುವ ಮಷಿನ್ ಇದ್ದರೆ ಅದೊಂದಕ್ಕೆ ಹಾಕಬಹುದು. ಪ್ರಿಂಟರ್ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ ನೋಡಿ, ಆಮೇಲೆ ಇನ್‌ಸ್ಟಾಲ್.

ಸೂಪರ್‌ಮಾರ್ಕೆಟ್ ಟೈಪಿಂಗ್, ಕಲಬುರಗಿ

ಹೆಸರು ಬಂತು, ಭಾಷಾ ಬರೋಬರ್ ಆಯ್ತು. ಫೋಲ್ಡರ್ ಶಾರ್ಟ್‌ಕಟ್ ಛಲೋ ಅದ. ಇನ್ನ ಎರಡು ಮಾತು ಉಳಿದಾವ. ವಿನ್‌ವರ್ ಎರಡು ಮಷಿನಿನೊಳಗೂ 24ಎಚ್2 ಅಂತದ, ಆದ್ರ ಒಂದರೊಳಗ ಇರೋ ಆಯ್ಕೆ ಇನ್ನೊಂದರೊಳಗ ಇಲ್ಲ. ಹ್ಯಾಂಗ? ಮತ್ತ ಈಗ ಕೂಡಿಸಿದ್ದನ್ನ ಮುಂದಿನ ಅಪ್‌ಡೇಟ್ ಕೆಡಸ್ದಂಗ ಹಿಡಿದು ನಿಂದರಿಸ್ಲಿಕ್ಕ ಬರ್ತದೇನು?

ಸೇಡಂ ರೋಡ್ ಸರ್ವಿಸ್, ಕಲಬುರಗಿ

ಮದ್ಲಿನದಕ್ಕ: ಹೊಸ ಸವಲತ್ತು ಅಪ್‌ಡೇಟಿನೊಳಗ ಎಲ್ಲಾರಿಗೂ ಇಳಿತದ, ಆದ್ರ ಚಾಲೂ ಆಗೋದು ಕಂತಿನೊಳಗ. ಒಂದೇ ವರ್ಶನ್, ಒಂದೇ ಬಿಲ್ಡ್ ಇದ್ರೂ ಒಂದು ಮಷಿನಿಗೆ ಈ ವಾರ, ಇನ್ನೊಂದಕ್ಕ ಮುಂದಿನ ತಿಂಗಳಾ. ಅದು ನಿಮ್ಮ ಮಷಿನಿನ ದೋಷ ಅಲ್ಲ. ವಿಂಡೋಸ್ ಅಪ್‌ಡೇಟ್ ಪುಟದಾಗ "ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್ ಆ್ಯಸ್ ಸೂನ್ ಆ್ಯಸ್ ದೇ ಆರ್ ಅವೈಲೇಬಲ್" ಅಂತ ಒಂದು ಸ್ವಿಚ್ ಅದ. ಚಾಲೂ ಇದ್ದ ಮಷಿನಿಗೆ ಮದ್ಲ ಬರ್ತದ. ದುಕಾನದ ಎಲ್ಲಾ ಮಷಿನಿನೊಳಗೂ ಅದನ್ನ ಬಂದ್ ಇಡ್ರಿ. ತಿಂಗಳಾ ಕೊನಿಗೆ "ಪ್ರಿವ್ಯೂ" ಅಂತ ಬರೋ ಐಚ್ಛಿಕ ಅಪ್‌ಡೇಟೂ ಒತ್ತಬ್ಯಾಡ್ರಿ. ಬಹುತೇಕ ಹೊಸ ನಡವಳಿಕಿ ಮದ್ಲ ಬರೋದು ಅದರೊಳಗೇ.

ಎರಡನೇದಕ್ಕ: ಪೂರಾ ನಿಂದರಿಸ್ಲಿಕ್ಕ ಬರಂಗಿಲ್ಲ, ನಿಂದರಿಸಲೂ ಬಾರ್ದು, ಸೆಕ್ಯುರಿಟಿ ಪ್ಯಾಚೂ ಅದರೊಳಗೇ ಇರ್ತದ. ತಡ ಮಾಡ್ಲಿಕ್ಕ ಬರ್ತದ. "ಪಾಝ್ ಅಪ್‌ಡೇಟ್ಸ್" ಒತ್ತಿ ಐದು ವಾರದ ತನಕ ತಡೆದಿಡಬಹುದು. ಒಂದು ಮಷಿನಿಗೆ ಮದ್ಲ ಬಿಡ್ರಿ, ಉಳಿದವುಕ್ಕ ಎರಡು ವಾರ ಪಾಝ್ ಇಡ್ರಿ. ಏನು ಬದಲಾಗ್ಯದ ಅಂತ ಅದೊಂದರ ಮ್ಯಾಲ ಗೊತ್ತಾಗ್ತದ.

ವರ್ಷಕ್ಕೊಮ್ಮೆ ಬರೋ ದೊಡ್ಡ ವರ್ಶನ್ ಹಿಡಿದಿಡೋದು ಪ್ರೊದಾಗ ಸಾಧ್ಯ, ಹೋಮ್‌ನಾಗ ಗ್ರೂಪ್ ಪಾಲಿಸಿ ಎಡಿಟರ್ (ವಿಂಡೋಸಿಗೆ ನಿಯಮ ಹಾಕೋ ಸಾಧನ) ಇಲ್ಲ. ಎಡಿಟರಿನೊಳಗ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಅಪ್‌ಡೇಟ್, ಅದರ ಕೆಳಗ "ಮ್ಯಾನೇಜ್ ಅಪ್‌ಡೇಟ್ಸ್ ಆಫರ್ಡ್ ಫ್ರಮ್ ವಿಂಡೋಸ್ ಅಪ್‌ಡೇಟ್". ಅಲ್ಲಿ "ಸೆಲೆಕ್ಟ್ ದ ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಶನ್" ಎನೇಬಲ್ ಮಾಡಿ, ಮದ್ಲನೇ ಪೆಟ್ಟಿಗಿಯೊಳಗ ವಿಂಡೋಸ್ 11, ಎರಡನೇದರೊಳಗ 24ಎಚ್2 ಅಂತ ಇಂಗ್ಲಿಷಿನೊಳಗ ಬರೀರಿ. ನೆನಪಿರ್ಲಿ, ಹೋಮ್, ಪ್ರೊ ವರ್ಶನಿಗೆ ಆಯುಷ್ಯ 24 ತಿಂಗಳು. 24ಎಚ್2ರದು 2026ರ ಅಕ್ಟೋಬರ್ 13ಕ್ಕ ಮುಗಿತದ. ಅದಾಗಿ 60 ದಿನ ಕಳೆದ್ರ ಪಾಲಿಸಿ ಇದ್ರೂ ತಾನೇ ಮುಂದಿನದಕ್ಕ ಏರ್ತದ. ತಿಂಗಳಾ ಅಪ್‌ಡೇಟಿನೊಳಗ ಬರೋ ಸಣ್ಣ ಬದಲಾವಣಿಗೆ ಈ ಪಾಲಿಸಿ ತಡಿ ಹಾಕಂಗಿಲ್ಲ.

ಏರಿಸುವಾಗ ಇದು ಗೊತ್ತಿರ್ಲಿ: 24ಎಚ್2ರಿಂದ 25ಎಚ್2ಕ್ಕ ಹೋಗೋದು ಸಣ್ಣ ಪ್ಯಾಕೇಜ್, ಒಂದು ರಿಸ್ಟಾರ್ಟಿಗೆ ಮುಗಿತದ, ಯಾಕಂದ್ರ ಒಳಗಿನ ಕೋಡು ಒಂದೇ. 23ಎಚ್2ರಿಂದ 24ಎಚ್2ಕ್ಕ ಪೂರಾ ವಿಂಡೋಸ್ ಬದಲಾಗ್ತದ, ತಾಸು ಹಿಡಿದ್ರೂ ಹಿಡೀತದ. 600 ವಿಎ ಯುಪಿಎಸ್ ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ತಡಿಯಂಗಿಲ್ಲ. ಏಪ್ರಿಲ್, ಮೇದಾಗ ಕರೆಂಟ್ ನೆಚ್ಚಿ ಹಗಲಿನೊಳಗ ಅದಕ್ಕ ಕೈ ಹಾಕಬ್ಯಾಡ್ರಿ. ಪೂರಾ ಬದಲಾದ ಮ್ಯಾಲ ಮನಸ್ಸಿಗೆ ಬರಲಿಲ್ಲಂದ್ರ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗ "ಗೋ ಬ್ಯಾಕ್" 10 ದಿನ ಇರ್ತದ. ಆ 10 ದಿನದೊಳಗ ಡಿಸ್ಕ್ ಕ್ಲೀನಪ್ ಒತ್ತಿ ಹಳೆ ವಿಂಡೋಸ್ ಫೋಲ್ಡರ್ ಅಳಿಸಿದ್ರ ಆ ದಾರಿ ಅಲ್ಲಿಗೆ ಬಂದ್. ಜಾಗಾ ಕಡಿಮಿ ಅಂತ ಆಪರೇಟರುಗಳು ಮದ್ಲು ಅಳಿಸೋದೇ ಅದನ್ನ, ಹೇಳಿಡ್ರಿ.

ಸೂಪರ್‌ಮಾರ್ಕೆಟ್ ಟೈಪಿಂಗ್, ಕಲಬುರಗಿ

ಪಾಲಿಸಿ ಹಾಕ್ತೀನ್ರಿ. ಬೀದರಿನವರಿಗೆ ಒಂದು: ನುಡಿಯೊಳಗ ಭಾಷಾ ಬದಲಿಸ್ಲಿಕ್ಕ ಸ್ಕ್ರಾಲ್ ಲಾಕ್ ಒತ್ತಬೇಕಲ್ರಿ, ಹೊಸ ಲ್ಯಾಪ್‌ಟಾಪಿನೊಳಗ ಆ ಕೀನೇ ಇಲ್ಲ.

ಮೈಲೂರು ಡಿಟಿಪಿ, ಬೀದರ್

ವಿಂಡೋಸ್ ಕೀ + ಕಂಟ್ರೋಲ್ + ಓ ಒತ್ರಿ, ಪರದೆ ಮ್ಯಾಲ ಕೀಬೋರ್ಡ್ ಬರ್ತದ. ಅದರ ಬಲತುದಿಯೊಳಗ ಸ್ಕ್ರಾಲ್ ಲಾಕ್ ಅದ. ಕೆಲವು ಲ್ಯಾಪ್‌ಟಾಪಿನೊಳಗ ಫಂಕ್ಷನ್ ಕೀ ಜೊತಿ ಕೆ ಇಲ್ಲಾ ಸಿ ಒತ್ತಿದ್ರೂ ಆಗ್ತದ, ಕಂಪನಿ ಮ್ಯಾಲ ಹೋಗ್ತದ. ದಿನಪೂರ್ತಿ ಟೈಪಿಂಗ್ ಇದ್ರ ಇವೆರಡೂ ಬ್ಯಾಡ, ಸ್ಕ್ರಾಲ್ ಲಾಕ್ ಇರೋ ಪೂರಾ ಸೈಜಿನ ಯುಎಸ್‌ಬಿ ಕೀಬೋರ್ಡ್ ಒಂದು ಹಚ್ರಿ. ತಗೊಳ್ಳುವಾಗ ಡಬ್ಬಿ ತೆರೆಸಿ ಮ್ಯಾಲಿನ ಬಲಮೂಲಿ ನೋಡ್ರಿ, ಈಗಿನ ಅಗ್ಗದ ಮಾಡೆಲ್‌ಗಳೊಳಗ ಆ ಕೀ ಕೈಬಿಟ್ಟದ್ದೂ ಇರ್ತಾವ.